ಅಮೆರಿಕದ ಆರೋಗ್ಯ ವಿಮೆ ಜಗಳ: ಅಷ್ಟು ದುಡ್ಡಿದ್ದೂ ನಮ್ಮ ಕಾರ್ಡಿನಂಥದ್ದು ಅಲ್ಲಿ ಯಾಕಿಲ್ಲ?

ಅಜ್ಜರಕಾಡು ವಾಚಕ (ಪ್ರಶ್ನೆ)

ಬರುವ ಭಾನುವಾರ ಸಂಜೆ ಉಡುಪಿಯಲ್ಲಿ ನಮ್ಮ ಬಳಗದ ಮಾತುಕತೆಗೆ ಆರಿಸಿದ ವಿಷಯ ಅಮೆರಿಕದ ಸರಕಾರಿ ಆರೋಗ್ಯ ವಿಮೆಯ ಗಲಾಟೆ. ಬರುವವರಲ್ಲಿ ಅರ್ಧದಷ್ಟು ಮಂದಿಯ ಮಕ್ಕಳು ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇದ್ದಾರೆ. ಹಾಗಾಗಿ "ಬಂಡವಾಳಶಾಹಿ ದೇಶ, ಇನ್ನೆಂತ ಆಗ್ತದೆ" ಎಂದು ಚಾ ಕುಡಿದು ಎದ್ದು ಬರುವ ಹಾಗಿಲ್ಲ. ಘೋಷಣೆ ಬೇಡ, ಲೆಕ್ಕ ಬೇಕು.

ಒಬಾಮಾಕೇರ್ ಎಂದರೆ ಸರಕಾರಿ ವಿಮೆಯಾ, ಖಾಸಗಿಯಾ? 2010ರಲ್ಲಿ ಆದ ಕಾನೂನಿಗೆ 2025ರಲ್ಲೂ ಸರಕಾರಿ ಕಚೇರಿಗಳ ಬಾಗಿಲು ಹಾಕಿಸುವಷ್ಟು ಜಗಳ ಯಾಕೆ? ಗಟ್ಟಿಮುಟ್ಟಾಗಿರುವವರು ಕೆಲಸ ಮಾಡಿದರೆ ಮಾತ್ರ ಉಚಿತ ವಿಮೆ ಎಂಬ ಷರತ್ತಿನಲ್ಲಿ ತಪ್ಪೆಂತ? ಮತ್ತೆ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುವುದು: ನಮ್ಮಲ್ಲಿ 5 ಲಕ್ಷದ ಆಯುಷ್ಮಾನ್ ಕಾರ್ಡು ಉಂಟು, ಅವರಿಗೆ ಅದೊಂದು ಮಾಡಲಿಕ್ಕೆ ಆಗುವುದಿಲ್ಲವಾ?

ವಿರೋಧಿಸುವವರ ವಾದವನ್ನೂ ಯಾರಾದರೂ ಸರಿಯಾಗಿ ಬರೆಯಿರಿ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಸಪ್ಪೆಯಾದರೆ ಕೃಷ್ಣನ ಅರ್ಥಕ್ಕೂ ಕಳೆ ಬರುವುದಿಲ್ಲ.

ಕುಂದಾಪ್ರ ಲೆಕ್ಕ

ಒಬಾಮಾಕೇರ್ ಹೆಸರಿನ ಪಾಲಿಸಿ ಯಾವ ಕಂಪೆನಿಯಲ್ಲೂ ಸಿಗುವುದಿಲ್ಲ ಮಾರಾಯ್ರೆ. 2010ರ ಮಾರ್ಚ್ 23ರಂದು ಸಹಿಯಾದ ಅಫೋರ್ಡೆಬಲ್ ಕೇರ್ ಆ್ಯಕ್ಟ್‌ಗೆ ಅಂಟಿಕೊಂಡ ಅಡ್ಡಹೆಸರು ಅದು. ಪಾಲಿಸಿ ಮಾರುವುದು ಖಾಸಗಿ ಕಂಪೆನಿ, ನಿಯಮ ಸರಕಾರದ್ದು, ಪ್ರೀಮಿಯಂನ ಒಂದು ಪಾಲು ಖಜಾನೆಯದ್ದು.

ಅಪ್ಪಟ ಸರಕಾರಿ ವಿಮೆ ಎಂದರೆ 1965ರಲ್ಲಿ ಲಿಂಡನ್ ಜಾನ್ಸನ್ ಸಹಿ ಹಾಕಿದ ಎರಡು. 65 ದಾಟಿದವರಿಗೆ ಮೆಡಿಕೇರ್, ಬಡವರಿಗೆ ಮೆಡಿಕೈಡ್. ದುಡಿಯುವ ವಯಸ್ಸಿನ ಹೆಚ್ಚಿನವರಿಗೆ ಇರುವುದು ಕಂಪೆನಿ ಕೊಡುವ ವಿಮೆ. ಅದನ್ನು ಯಾರೂ ಕೂತು ಯೋಜಿಸಿದ್ದಲ್ಲ. 1942ರಲ್ಲಿ, ಯುದ್ಧದ ಹೊತ್ತಿಗೆ, ಸಂಬಳ ಏರಿಸಬಾರದೆಂದು ಸರಕಾರ ಕಟ್ಟು ಹಾಕಿತು. ಜನರನ್ನು ಉಳಿಸಿಕೊಳ್ಳಲಿಕ್ಕೆ ಕಂಪೆನಿಗಳು ವಿಮೆ ಕೊಡತೊಡಗಿದವು. 1954ರಲ್ಲಿ ಆ ಪ್ರೀಮಿಯಂಗೆ ತೆರಿಗೆ ಇಲ್ಲವೆಂದು ಕಾನೂನಿನಲ್ಲೇ ಬರೆದಾಯಿತು. ಈ ಮೂರರ ನಡುವಿನ ಸಂದಿಯಲ್ಲಿ ಉಳಿದುಹೋದವರು ಸ್ವಂತ ಉದ್ಯೋಗದವರು, ಸಣ್ಣ ಅಂಗಡಿಯವರು, ಕೆಲಸ ಕಳಕೊಂಡವರು. 2010ರ ಕಾನೂನು ಅವರಿಗಾಗಿ. ನನ್ನ ಪ್ರಕಾರ ಇಡೀ ಜಗಳವೇ ಈ ಸಂದಿಗಳದ್ದು. ಒಂದನ್ನು ಮುಚ್ಚಲು ಗೆರೆಯನ್ನು ಸ್ವಲ್ಪ ಆಚೆಗೆ ಎಳೆದರೆ, ಹೊಸ ಗೆರೆಯ ಹೊರಗೆ ಇನ್ನೊಬ್ಬ ನಿಂತಿರುತ್ತಾನೆ.

ಕಾನೂನಿನ ಕಟ್ಟು ಮುಕ್ಕಾಲಿಯ ಹಾಗೆ. ಮೊದಲನೇ ಕಾಲು: ಮೊದಲೇ ಕಾಯಿಲೆ ಇದ್ದವನಿಗೂ ಪಾಲಿಸಿ ಇಲ್ಲವೆನ್ನಬಾರದು, ಅದಕ್ಕಾಗಿ ಹೆಚ್ಚು ಕೇಳಲೂಬಾರದು. ಇದಿಷ್ಟೇ ಮಾಡಿದರೆ, ಬೋಟು ಮುಳುಗಿದ ಮೇಲೆ ವಿಮೆ ಮಾಡಿಸಲು ಮಲ್ಪೆಯವರಿಗೆ ಬಿಟ್ಟ ಹಾಗೆ. ಆರೋಗ್ಯವಂತರು ಹೊರಗೆ ಕೂತು ನೋಡುತ್ತಾರೆ, ಒಳಗೆ ಕಾಯಿಲೆಯವರೇ ತುಂಬುತ್ತಾರೆ, ಪ್ರೀಮಿಯಂ ಏರುತ್ತದೆ, ಏರಿದ್ದಕ್ಕೆ ಇನ್ನಷ್ಟು ಮಂದಿ ಬಿಡುತ್ತಾರೆ. ನ್ಯೂಯಾರ್ಕ್ ರಾಜ್ಯ 1993ರಿಂದ ಈ ಒಂದೇ ಕಾಲಿನಲ್ಲಿ ನಡೆಸಿದ ಮಾರುಕಟ್ಟೆ ಬತ್ತುತ್ತಾ ಹೋಯಿತು. ಆದ್ದರಿಂದ ಎರಡನೇ ಕಾಲು: ವಿಮೆ ಇಲ್ಲದಿದ್ದರೆ ದಂಡ, 695 ಡಾಲರ್ ಅಥವಾ ಆದಾಯದ ಶೇ. 2.5, ಯಾವುದು ಹೆಚ್ಚೋ ಅದು. ಮೂರನೆಯದು ಆದಾಯ ನೋಡಿ ಕೊಡುವ ಸಹಾಯಧನ.

2017ರ ತೆರಿಗೆ ಕಾನೂನು ದಂಡವನ್ನು ಸೊನ್ನೆ ಮಾಡಿತು, 2019ರಿಂದ ಜಾರಿ. ಕಾಲೊಂದು ಹೋದರೂ ಮುಕ್ಕಾಲಿ ಮಗುಚಲಿಲ್ಲ, ಯಾಕೆಂದರೆ ಸಹಾಯಧನದ ಕಾಲು ದಪ್ಪ. ಸಹಾಯಧನ ಸಿಗುವವನು ಕಟ್ಟಬೇಕಾದದ್ದು ಆದಾಯದ ಇಂತಿಷ್ಟು ಪಾಲು ಮಾತ್ರ. ಪ್ರೀಮಿಯಂ ಎಷ್ಟೇ ಏರಲಿ, ಏರಿದ್ದು ಖಜಾನೆಯ ತಲೆಗೆ. ಸಹಾಯಧನ ಸಿಗದವನು ಇಡೀ ಏರಿಕೆಯನ್ನು ಒಬ್ಬನೇ ಹೊರುತ್ತಾನೆ. ಒಂದೇ ಕಾನೂನಿನ ಬಗ್ಗೆ ಒಂದೇ ಬೀದಿಯ ಎರಡು ಮನೆಯವರು ಬೇರೆಬೇರೆ ಕಥೆ ಹೇಳುವುದು ಇದರಿಂದಲೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಇನ್ನು 2025ರ ಜಗಳ. ಮೂಲ ಕಾನೂನಿನಲ್ಲಿ ಸಹಾಯಧನ ಬಡತನ ರೇಖೆಯ ಶೇ. 400ಕ್ಕೆ, ಅಂದರೆ ಆದಾಯ ಅದರ ನಾಲ್ಕು ಪಟ್ಟು ದಾಟಿದರೆ, ಕಡಿದು ನಿಲ್ಲುತ್ತಿತ್ತು. 2021ರಲ್ಲಿ ಆ ಮಿತಿ ತೆಗೆದು, ಯಾರೂ ಆದಾಯದ ಶೇ. 8.5ಕ್ಕಿಂತ ಹೆಚ್ಚು ಕಟ್ಟಬೇಕಾಗಿಲ್ಲ ಎಂದರು. 2022ರಲ್ಲಿ ಅದನ್ನು 2025ರ ಕೊನೆಯವರೆಗೆ ಮುಂದುವರಿಸಿದರು. ಮತ್ತೂ ಮುಂದುವರಿಸಬೇಕೆಂದು ಡೆಮಾಕ್ರಟರು ಹಟ ಹಿಡಿದರು, ರಿಪಬ್ಲಿಕನ್ನರು ಒಪ್ಪಲಿಲ್ಲ. ಖರ್ಚಿನ ಮಸೂದೆ ಪಾಸಾಗದೆ ಅಕ್ಟೋಬರ್ 1ರಿಂದ 43 ದಿನ ಸರಕಾರ ಸ್ಥಗಿತ. ಹೆಚ್ಚುವರಿ ಸಹಾಯಧನ ವರ್ಷದ ಕೊನೆಗೆ ಮುಗಿಯಿತು, ಹಳೆಯ ಕಡಿತದ ಗೆರೆ ವಾಪಸು ಬಂತು.

ಆ ಗೆರೆಯನ್ನು ಬೋರ್ಡಿನಲ್ಲಿ ಬರೆದು ತೋರಿಸಿ. 60 ವರ್ಷದ ಗಂಡ ಹೆಂಡತಿ. ಇಬ್ಬರ ಕುಟುಂಬಕ್ಕೆ 2026ರ ಲೆಕ್ಕದಲ್ಲಿ ಶೇ. 400 ಎಂದರೆ 84,600 ಡಾಲರ್. ಅವರ ಊರಿನಲ್ಲಿ ಸಹಾಯಧನದ ಲೆಕ್ಕಕ್ಕೆ ಹಿಡಿಯುವ ಮಾನದಂಡದ ಪಾಲಿಸಿಗೆ ಇಬ್ಬರಿಗೂ ಸೇರಿ ತಿಂಗಳಿಗೆ 2,000, ವರ್ಷಕ್ಕೆ 24,000 ಡಾಲರ್ ಎಂದಿಟ್ಟುಕೊಳ್ಳಿ. ಆದಾಯ 84,000 ಇದ್ದರೆ ಅವರ ಪಾಲು ಶೇ. 9.96, ಅಂದರೆ ಸುಮಾರು 8,366. ಉಳಿದ 15,634 ಸಹಾಯಧನ. ಆದಾಯ 85,000 ಆಯಿತೋ, ಸಹಾಯಧನ ಸೊನ್ನೆ, ಪೂರ್ತಿ 24,000 ಕೈಯಿಂದ. ಹಿಂದಿನ ವರ್ಷದ ನಿಯಮದಲ್ಲಾದರೆ ಅದೇ 85,000ಕ್ಕೆ 7,225 ಕಟ್ಟಿದರೆ ಸಾಕಿತ್ತು.

ಇದರಲ್ಲಿ ಇನ್ನೊಂದು ಗುಂಡಿ ಉಂಟು. ಸಹಾಯಧನ ಸಿಗುವುದು ವರ್ಷದ ಆರಂಭದಲ್ಲಿ ನೀವು ಅಂದಾಜು ಮಾಡಿ ಹೇಳಿದ ಆದಾಯಕ್ಕೆ. ಮುಂದಿನ ವರ್ಷ ತೆರಿಗೆ ಕಟ್ಟುವಾಗ ಎಷ್ಟು ಸಹಾಯಧನ ಸಿಕ್ಕಿತೆಂದು ಬರೆದ 1095-ಎ ಚೀಟಿ ಹಿಡಿದು 8962 ನಂಬರಿನ ಫಾರ್ಮಿನಲ್ಲಿ ತಾಳೆ ನೋಡುತ್ತಾರೆ. ಡಿಸೆಂಬರಿನಲ್ಲಿ ಬಂದ ಬೋನಸ್ಸೋ, ನಿವೃತ್ತಿ ಖಾತೆಯಿಂದ ತೆಗೆದ ಹಣವೋ ಗೆರೆ ದಾಟಿಸಿದರೆ ಆ 15,634 ಡಾಲರನ್ನು ಪೂರ್ತಿ ವಾಪಸು ಕಟ್ಟಬೇಕು. ಮೊದಲು ಗೆರೆಯ ಒಳಗಿದ್ದವರಿಗೆ ವಾಪಸಾತಿಗೆ ಒಂದು ಮಿತಿಯಾದರೂ ಇತ್ತು. 2026ರಿಂದ ಅವರಿಗೂ ಅದು ಇಲ್ಲ.

ಕದ್ರಿ ಪ್ರತಿಪಕ್ಷ

ಕೌರವನ ಅರ್ಥ ನನಗಿರಲಿ.

"ರಿಪಬ್ಲಿಕನ್ನರಿಗೆ ಬಡವರನ್ನು ಕಂಡರಾಗದು" ಎಂದು ಶುರು ಮಾಡಬೇಡಿ, ಅಲ್ಲಿಗೆ ಚರ್ಚೆ ಮುಗಿಯಿತು. ಅವರ ಮೊದಲ ತಕರಾರು ವಯಸ್ಸಿನದ್ದು. 64ರವನ ಚಿಕಿತ್ಸಾ ಖರ್ಚು 21ರವನದ್ದಕ್ಕಿಂತ ಸುಮಾರು ಐದು ಪಟ್ಟು. ಪ್ರೀಮಿಯಂ ಮೂರು ಪಟ್ಟಿಗಿಂತ ಹೆಚ್ಚಾಗಬಾರದು ಎನ್ನುತ್ತದೆ ಕಾನೂನು. ಆ ವ್ಯತ್ಯಾಸ ಕೊಡುವವರು ಯಾರು? ಆಗ ತಾನೇ ಕೆಲಸಕ್ಕೆ ಸೇರಿದ ಹುಡುಗರು. ಅದನ್ನು ತೆರಿಗೆ ಎಂದು ಕರೆಯದೆ ಪ್ರೀಮಿಯಂ ಒಳಗೆ ಅಡಗಿಸಿದ್ದಾರೆ ಎಂಬುದು ಆಕ್ಷೇಪ. ಅದರಲ್ಲಿ ಹುರುಳಿಲ್ಲ ಎನ್ನಲಾಗದು.

ಎರಡನೆಯದು ಮಾತಿನದ್ದು. ಈಗಿರುವ ಪಾಲಿಸಿ ಇಷ್ಟವಿದ್ದರೆ ಇಟ್ಟುಕೊಳ್ಳಬಹುದು ಎಂದು ಒಬಾಮಾ ಮತ್ತೆಮತ್ತೆ ಹೇಳಿದ್ದರು. 2013ರ ಕೊನೆಗೆ ಹೊಸ ಮಾನದಂಡಕ್ಕೆ ಹೊಂದದ ಪಾಲಿಸಿಗಳ ರದ್ದತಿ ಪತ್ರಗಳು ಮನೆಮನೆಗೆ ಬಂದವು. ಅದೇ ಅಕ್ಟೋಬರಿನಲ್ಲಿ ತೆರೆದ ಸರಕಾರಿ ಜಾಲತಾಣ ಮೊದಲ ದಿನವೇ ಕುಸಿದು ಕೂತಿತ್ತು. ಪಾಲಿಸಿ ಹೋಯಿತು, ಹೊಸದು ಕೊಳ್ಳುವ ಬಾಗಿಲೂ ತೆರೆಯುತ್ತಿಲ್ಲ. ಆ ಎರಡು ತಿಂಗಳು ಕಳಕೊಂಡ ವಿಶ್ವಾಸ ಮತ್ತೆ ಪೂರ್ತಿ ಬರಲಿಲ್ಲ.

ಮೂರನೆಯದು ಮೆಡಿಕೈಡ್ ಪಾಲಿನ ಲೆಕ್ಕ, ಇದು ಗಟ್ಟಿ ವಾದ. ಅಂಗವಿಕಲರು, ಬಡ ಮಕ್ಕಳು ಇರುವ ಹಳೆಯ ಮೆಡಿಕೈಡ್‌ನ ಖರ್ಚಿನಲ್ಲಿ ಕೇಂದ್ರದ ಪಾಲು ಶ್ರೀಮಂತ ರಾಜ್ಯಕ್ಕೆ ಶೇ. 50, ಬಡ ರಾಜ್ಯಕ್ಕೆ ಇನ್ನಷ್ಟು. 2010ರ ಕಾನೂನಿನಿಂದ ಹೊಸದಾಗಿ ಸೇರಿದ, ಬಡತನ ರೇಖೆಯ ಶೇ. 138ರ ಒಳಗಿನ ವಯಸ್ಕರಿಗೆ ಕೇಂದ್ರ ಕೊಡುವುದು ಶೇ. 90. ಹಾಸಿಗೆ ಹಿಡಿದವನಿಗಿಂತ ನಡೆದಾಡುವವನಿಗೆ ಹೆಚ್ಚು ಪಾಲು ಯಾಕೆ ಎಂದರೆ ಉತ್ತರ ಕೊಡುವುದು ಕಷ್ಟ. ರಾಜ್ಯಗಳನ್ನು ಸೇರಿಸಿಕೊಳ್ಳಲು ತೋರಿಸಿದ ಬೆಲ್ಲ ಅದು.

ಆ ಬೆಲ್ಲಕ್ಕೂ ಎಲ್ಲರೂ ಬರಲಿಲ್ಲ. 2012ರಲ್ಲಿ ಸುಪ್ರೀಂ ಕೋರ್ಟು 5-4ರಿಂದ ದಂಡವನ್ನು ತೆರಿಗೆಯೆಂದು ಎತ್ತಿ ಹಿಡಿದು ಕಾನೂನನ್ನು ಉಳಿಸಿತು. ಜತೆಗೇ, ಮೆಡಿಕೈಡ್ ವಿಸ್ತರಣೆಗೆ ರಾಜ್ಯಗಳನ್ನು ಬಲವಂತ ಮಾಡುವಂತಿಲ್ಲ ಎಂದಿತು. ಹತ್ತು ರಾಜ್ಯಗಳು ಇವತ್ತಿಗೂ ಸೇರಿಲ್ಲ, ಟೆಕ್ಸಾಸ್ ಮತ್ತು ಫ್ಲೋರಿಡಾ ಅದರಲ್ಲಿವೆ. ಕಾನೂನು ಬರೆದವರು ತೀರಾ ಬಡವರಿಗೆಲ್ಲ ಮೆಡಿಕೈಡ್ ಸಿಗುತ್ತದೆಂದು ನಂಬಿ, ರೇಖೆಯ ಕೆಳಗಿನವರಿಗೆ ಸಹಾಯಧನ ಬರೆದೇ ಇರಲಿಲ್ಲ. ಫಲ ನೋಡಿ: ಟೆಕ್ಸಾಸಿನಲ್ಲಿ ವರ್ಷಕ್ಕೆ 16,000 ಡಾಲರ್ ದುಡಿಯುವ ಒಂಟಿ ಮನುಷ್ಯನಿಗೆ ಸಹಾಯಧನ ಉಂಟು, 14,000 ದುಡಿಯುವವನಿಗೆ ಏನೂ ಇಲ್ಲ. ಬಡವನಾದದ್ದಕ್ಕೇ ಇಲ್ಲ! ಡಲ್ಲಾಸ್ ಕಡೆಯವರು ಸಭೆಯಲ್ಲಿದ್ದರೆ ಇದನ್ನು ಮರೆಯಬೇಡಿ.

ವಿರೋಧಿಗಳ ದುರ್ಬಲ ಜಾಗವೂ ಹೇಳಬೇಕಲ್ಲ. ರದ್ದು ಮಾಡುತ್ತೇವೆ ಎಂದವರ ಕೈಯಲ್ಲಿ ಬದಲಿ ಇರಲಿಲ್ಲ. 2017ರ ಜುಲೈ 28ರ ನಸುಕಿನಲ್ಲಿ ಸೆನೆಟ್‌ನಲ್ಲಿ ಜಾನ್ ಮೆಕೇನ್ ಹೆಬ್ಬೆರಳು ಕೆಳಗೆ ಮಾಡಿ ತಮ್ಮದೇ ಪಕ್ಷದ ಮಸೂದೆಯನ್ನು 49-51ಕ್ಕೆ ಬೀಳಿಸಿದರು. ಕಾಯಿಲೆಯವರಿಗೆ ಬೇರೆಯೇ ನಿಧಿ ಮಾಡೋಣ ಎಂಬುದು ವಿರೋಧಿಗಳ ಹಳೆಯ ಉತ್ತರ. 2010ಕ್ಕೆ ಮೊದಲು 35 ರಾಜ್ಯಗಳಲ್ಲಿ ಅಂಥ ನಿಧಿಗಳಿದ್ದವು. ಹಣ ಸಾಲದೆ ಕೆಲವು ಕಡೆ ಕಾಯುವ ಪಟ್ಟಿ, ಹೆಚ್ಚಿನ ಕಡೆ ಚಿಕಿತ್ಸೆಗೆ ಗರಿಷ್ಠ ಮಿತಿ. ಕಾಯಿಲೆಯವರನ್ನು ಮಾತ್ರ ಒಂದು ದೋಣಿಯಲ್ಲಿ ಕೂರಿಸಿದರೆ ಆ ದೋಣಿಗೆ ಹೊರಗಿನಿಂದ ಹಣ ಸುರಿಯುತ್ತಲೇ ಇರಬೇಕು.

ಎಡಗಡೆಯ ಅಸಮಾಧಾನವನ್ನೂ ಒಂದು ಸಾಲಿನಲ್ಲಿ ಸೇರಿಸಿ. ಸರಕಾರವೇ ಒಂದು ಪಾಲಿಸಿ ಮಾರಲಿ ಎಂಬ ಅಂಶ 2009ರ ಡಿಸೆಂಬರಿನಲ್ಲಿ ಬಿದ್ದುಹೋಯಿತು. ಸೆನೆಟ್‌ನಲ್ಲಿ ಬೇಕಿದ್ದದ್ದು 60 ಮತ, ಡೆಮಾಕ್ರಟರ ಜತೆಗಿದ್ದ ಸೆನೆಟರ್ ಜೋ ಲೀಬರ್‌ಮನ್ ಒಪ್ಪಲಿಲ್ಲ.

ಸುರತ್ಕಲ್ ಫೈಲು

ಕೆಲಸದ ಷರತ್ತಿನ ಬಗ್ಗೆ ಮಾತ್ರ. 2025ರ ಜುಲೈ 4ರಂದು ಸಹಿಯಾದ ಕಾನೂನಿನಂತೆ, ಮೆಡಿಕೈಡ್ ವಿಸ್ತರಣೆಯಲ್ಲಿ ಸೇರಿದ 19ರಿಂದ 64ರ ವಯಸ್ಕರು ತಿಂಗಳಿಗೆ 80 ಗಂಟೆ ಕೆಲಸ, ಓದು ಅಥವಾ ಸಮಾಜಸೇವೆ ತೋರಿಸಬೇಕು. 2027ರ ಜನವರಿ 1ರೊಳಗೆ ರಾಜ್ಯಗಳು ಶುರು ಮಾಡಬೇಕು. ಅರ್ಹತೆಯ ಮರುಪರಿಶೀಲನೆ ವರ್ಷಕ್ಕೊಮ್ಮೆಯ ಬದಲು ಆರು ತಿಂಗಳಿಗೊಮ್ಮೆ. ಸಣ್ಣ ಮಕ್ಕಳ ತಂದೆತಾಯಿ, ಗರ್ಭಿಣಿಯರು, ದೀರ್ಘ ಕಾಯಿಲೆಯವರು ಮುಂತಾದವರಿಗೆ ವಿನಾಯಿತಿ ಉಂಟು.

ಕೇಳಲಿಕ್ಕೆ ನ್ಯಾಯ. ಕೆಡುವುದು ಕಾಗದದಲ್ಲಿ. ಆರ್ಕನ್ಸಾ ರಾಜ್ಯ 2018ರಲ್ಲಿ ಇದನ್ನೇ ಮಾಡಿತು. ಕೆಲವೇ ತಿಂಗಳಲ್ಲಿ 18,000ಕ್ಕಿಂತ ಹೆಚ್ಚು ಜನ ವಿಮೆ ಕಳಕೊಂಡರು, 2019ರ ಮಾರ್ಚಿನಲ್ಲಿ ನ್ಯಾಯಾಲಯ ತಡೆಯಿತು. ಕೆಲಸದ ಗಂಟೆ ದಾಖಲಿಸುವುದು ಆರಂಭದಲ್ಲಿ ಆನ್‌ಲೈನ್‌ನಲ್ಲಿ ಮಾತ್ರ, ಅದೂ ಆ ತಾಣ ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಬಂದ್. ರಾತ್ರಿ ಪಾಳಿ ಮುಗಿಸಿ ಬಂದವನು ಎಷ್ಟು ಹೊತ್ತಿಗೆ ತುಂಬಿಸಬೇಕು? ಕೆಲಸ ಇದ್ದವರೂ ಪುರಾವೆ ಸಲ್ಲಿಸದೆ ಹೊರಬಿದ್ದರು. ನಮ್ಮಲ್ಲಿ ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ಬೆರಳಚ್ಚು ಹೊಂದದೆ ಬದುಕಿದ್ದವರ ಪಿಂಚಣಿ ನಿಲ್ಲುವುದನ್ನು ಕಂಡವರಿಗೆ ಇದಕ್ಕೆ ವಿವರಣೆ ಬೇಡ. ಹಾಗಾಗಿ ಸಭೆಯಲ್ಲಿ "ಕೆಲಸ ಮಾಡಬೇಕೋ ಬೇಡವೋ" ಎಂದು ಕೇಳುವ ಬದಲು "80 ಗಂಟೆಯನ್ನು ಯಾರು, ಹೇಗೆ ಸಾಬೀತು ಮಾಡುವುದು" ಎಂದು ಕೇಳಿ. ಒಂದೊಂದು ತಿಂಗಳು ಒಂದೊಂದು ಪಾಳಿ, ಕೆಲವು ತಿಂಗಳು ಕೆಲಸವೇ ಇಲ್ಲ, ಅಂಥವರ ಮೇಲೆ ಷರತ್ತು ಮೊದಲು ಬೀಳುತ್ತದೆ.

ಮಣಿಪಾಲ ಕೌಂಟರ್

ಕಾರ್ಡಿನ ಪ್ರಶ್ನೆಗೆ ನಾನು. ನಮ್ಮ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಮತ್ತು ಅಲ್ಲಿನ ವಿಮೆಯನ್ನು ಒಂದೇ ತಕ್ಕಡಿಯಲ್ಲಿ ಇಡುವ ಮೊದಲು ನಮ್ಮದು ಏನು ಎಂಬುದನ್ನು ಸರಿಯಾಗಿ ಹೇಳಿ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ಇರುವುದು ಬಿಪಿಎಲ್‌ನವರಿಗೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ ಸರಕಾರದ್ದು, ವರ್ಷಕ್ಕೆ ಗರಿಷ್ಠ 1.5 ಲಕ್ಷ. ಹೊರರೋಗಿ ವಿಭಾಗದ ಚೀಟಿ, ದಿನನಿತ್ಯದ ಬಿಪಿ-ಶುಗರ್ ಮಾತ್ರೆ ಇದರಲ್ಲಿ ಬರುವುದಿಲ್ಲ. ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರಕಾರಿ ಆಸ್ಪತ್ರೆ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಚೀಟಿ, ಅದು ಸಿಕ್ಕಿದ ಮೇಲೆ ನೋಂದಾಯಿತ ಖಾಸಗಿ ಆಸ್ಪತ್ರೆ. ಜನ ಎಡವುವುದು ಇಲ್ಲೇ. ನೇರ ಖಾಸಗಿಗೆ ಬಂದು ಅಡ್ಮಿಟ್ ಆಗಿ, ಮಾರನೇ ದಿನ ಕಾರ್ಡು ತೋರಿಸುತ್ತಾರೆ. ಆಗ ಆಸ್ಪತ್ರೆಯಲ್ಲಿ ಯೋಜನೆಯ ಕೌಂಟರಿನಲ್ಲಿ ಕೂರುವ ಆರೋಗ್ಯಮಿತ್ರ ಏನು ಮಾಡಿಯಾರು? ಇನ್ನೊಂದು, ರೇಷನ್ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಇದನ್ನು ಆಸ್ಪತ್ರೆಗೆ ಬರುವ ಮೊದಲೇ ಸರಿಮಾಡಿಸಿಕೊಳ್ಳಬೇಕು.

ನಮ್ಮ ವ್ಯವಸ್ಥೆ ನಿಂತಿರುವುದು ದರದ ಮೇಲೆ. ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಒಂದೊಂದು ಚಿಕಿತ್ಸೆಗೆ ಕೋಡ್ ಕೊಟ್ಟು ಇಷ್ಟೇ ಎಂದು ಬರೆದಿಟ್ಟಿದೆ. ಆ ದರ ಸಾಲದು ಎಂದು ಆಸ್ಪತ್ರೆಗಳು ಗೊಣಗುವುದೂ ಅದಕ್ಕೇ. ಅಮೆರಿಕದಲ್ಲೂ ಮೆಡಿಕೇರ್‌ಗೆ ಇಂಥದ್ದು ಉಂಟು: 1983ರಿಂದ ರೋಗದ ಗುಂಪು ನೋಡಿ ಒಂದೇ ಮೊತ್ತ, ನಮ್ಮ ಪ್ಯಾಕೇಜ್ ಕೋಡಿನ ಅಣ್ಣ ಎನ್ನಿ. ಆದರೆ ಖಾಸಗಿ ವಿಮೆಗಳು ಒಂದೊಂದು ಆಸ್ಪತ್ರೆಯ ಜತೆ ಬೇರೆಬೇರೆ ಚೌಕಾಸಿ ಮಾಡಿ ಮೆಡಿಕೇರ್‌ಗಿಂತ ಹೆಚ್ಚು ಕೊಡುತ್ತವೆ. ಎಲ್ಲರಿಗೂ ಮೆಡಿಕೇರ್ ದರ ಎಂದ ಕೂಡಲೇ ಆಸ್ಪತ್ರೆಗಳ ಆದಾಯಕ್ಕೆ ಕತ್ತರಿ. 2023ರಲ್ಲಿ ಆ ದೇಶದ ಆರೋಗ್ಯ ಖರ್ಚು 4.9 ಲಕ್ಷ ಕೋಟಿ ಡಾಲರ್, ಒಟ್ಟು ಉತ್ಪನ್ನದ ಶೇ. 17.6. ಅದು ಆಸ್ಪತ್ರೆಗಳ, ವೈದ್ಯರ, ಔಷಧ ಕಂಪೆನಿಗಳ, ಬಿಲ್ಲಿಂಗ್ ಗುಮಾಸ್ತರ ವರಮಾನ. ಹಣ ಇಲ್ಲದ್ದಕ್ಕೆ ಅಲ್ಲಿ ಕಾರ್ಡು ಇಲ್ಲ ಎಂದುಕೊಳ್ಳಬೇಡಿ, ಅಷ್ಟು ಹಣ ಇರುವುದರಿಂದಲೇ ಯಾರೂ ದರ ಮುಟ್ಟಲು ಬಿಡುವುದಿಲ್ಲ. ಅಂದ ಹಾಗೆ ನಮ್ಮ 5 ಲಕ್ಷ ಅಲ್ಲಿನ ಆರು ಸಾವಿರ ಡಾಲರಿನ ಒಳಗೆ. 2025ರಲ್ಲಿ ಅಲ್ಲಿನ ಮಾರುಕಟ್ಟೆಯ (ಒಬಾಮಾಕೇರ್ ನಿಯಮದ) ಪಾಲಿಸಿಯೊಂದರಲ್ಲಿ ಒಬ್ಬ ರೋಗಿ ವರ್ಷಕ್ಕೆ ಕೈಯಿಂದ ಕೊಡಬೇಕಾಗಿ ಬರಬಹುದಾದ ಗರಿಷ್ಠ ಮೊತ್ತವೇ 9,200 ಡಾಲರ್, ಪ್ರೀಮಿಯಂ ಬೇರೆ.

ಅಜ್ಜರಕಾಡು ವಾಚಕ

ಎಲ್ಲರಿಗೂ ಉಪಕಾರ. 84,600ರ ಗೆರೆಯನ್ನು ಬೋರ್ಡಿನಲ್ಲಿ ಬರೆಯುತ್ತೇನೆ, ಬೇರೆ ಭಾಷಣ ಬೇಡ. ಒಂದೇ ಬಾಕಿ: ಮಕ್ಕಳ ಮನೆಗೆ ಹೋಗುವ ಹಿರಿಯರು ಕೇಳುತ್ತಾರೆ, ಈ ಯಾವುದಾದರೂ ನಮಗೆ ಸಿಗುತ್ತದಾ ಎಂದು.

ಕುಂದಾಪ್ರ ಲೆಕ್ಕ

ಆರು ತಿಂಗಳ ಪ್ರವಾಸಿ ವೀಸಾದವರು ಇದನ್ನೆಲ್ಲ ನಂಬಿ ಹೋಗಬಾರದು. ಪ್ರಯಾಣ ವಿಮೆಯೇ ಗತಿ, ಅದರಲ್ಲೂ ಎರಡು ಜಾತಿ. ನಿಗದಿ ಮೊತ್ತದ್ದು ಅಗ್ಗ: ಆಸ್ಪತ್ರೆಯ ಒಂದು ದಿನಕ್ಕೆ ಇಷ್ಟು, ಆಪರೇಷನ್‌ಗೆ ಇಷ್ಟು ಎಂದು ಪಟ್ಟಿಯಲ್ಲಿದ್ದಷ್ಟೇ ಕೊಡುತ್ತದೆ, ಬಿಲ್ಲು ಹತ್ತು ಪಟ್ಟಾದರೂ. ಸಮಗ್ರ ಪಾಲಿಸಿ ಬಿಲ್ಲಿನ ಮೇಲೆ ಶೇಕಡಾವಾರು ಕೊಡುತ್ತದೆ, ಅದನ್ನೇ ತೆಗೆದುಕೊಳ್ಳಿ. ಹಳೆಯ ಕಾಯಿಲೆ ಎಂಬ ಕಡೆ "ಹಠಾತ್ತನೆ ಉಲ್ಬಣಿಸಿದರೆ ಮಾತ್ರ" ಎಂದು ಬರೆದಿರುತ್ತದೆ, ವಯಸ್ಸು ಹೆಚ್ಚಾದಂತೆ ಆ ಮೊತ್ತ ಇಳಿಯುತ್ತದೆ. 70 ದಾಟಿದವರು ಆ ಸಾಲು ಓದದೆ ಹಣ ಕಟ್ಟಬಾರದು.

ಗ್ರೀನ್ ಕಾರ್ಡಿನವರ ಕಥೆ ಬೇರೆ. ಅಲ್ಲಿ ಹೋಗಿ ನೆಲೆಸಿದ 60 ದಿನದೊಳಗೆ ಮಾರುಕಟ್ಟೆಯ ಪಾಲಿಸಿ ಕೊಳ್ಳಬಹುದು, ತಪ್ಪಿದರೆ ನವೆಂಬರ್ 1ರವರೆಗೆ ಕಾಯಬೇಕು. ಆದರೆ ಆದಾಯ ಬಡತನ ರೇಖೆಗಿಂತ ಕೆಳಗಿದ್ದರೆ, ಮೊದಲ ಐದು ವರ್ಷ ಸಿಗುತ್ತಿದ್ದ ಸಹಾಯಧನವನ್ನು 2025ರ ಕಾನೂನು 2026ರಿಂದ ನಿಲ್ಲಿಸಿದೆ. ತಂದೆತಾಯಿಯನ್ನು ಮಗನ ತೆರಿಗೆ ರಿಟರ್ನಿನಲ್ಲಿ ಅವಲಂಬಿತರೆಂದು ತೋರಿಸಿದರೆ ಲೆಕ್ಕಕ್ಕೆ ಹಿಡಿಯುವುದು ಇಡೀ ಮನೆಯ ಆದಾಯ, ಆಗ ಮೇಲೆ ಬರೆದ ಶೇ. 400ರ ಗೆರೆಯೇ ಅಡ್ಡ ಬರುತ್ತದೆ. 65 ಆಗಿ, ಸತತ ಐದು ವರ್ಷ ಅಲ್ಲಿದ್ದ ಮೇಲೆ ಮೆಡಿಕೇರ್ ಕೊಳ್ಳಬಹುದು. ಕೊಳ್ಳಬಹುದು ಎಂದೆ, ಉಚಿತ ಎಂದಿಲ್ಲ: ತಾವಾಗಲಿ ಸಂಗಾತಿಯಾಗಲಿ ಅಲ್ಲಿ ಹತ್ತು ವರ್ಷ ದುಡಿದಿಲ್ಲದಿದ್ದರೆ, 2025ರ ದರದಲ್ಲಿ ಆಸ್ಪತ್ರೆಯ ಭಾಗಕ್ಕೆ ತಿಂಗಳಿಗೆ 518ರವರೆಗೆ, ವೈದ್ಯರ ಭಾಗಕ್ಕೆ 185 ಡಾಲರ್, ಒಬ್ಬೊಬ್ಬರಿಗೆ. ಆ ಮೊತ್ತ ಹೇಳಿದ ಮೇಲೆ ಸಭೆಯಲ್ಲಿ ಎಷ್ಟು ಮಂದಿ ಗ್ರೀನ್ ಕಾರ್ಡ್ ಬಗ್ಗೆ ಮಾತಾಡುತ್ತಾರೆ ನೋಡಿ, ಇಲ್ಲೇ ಬಂದು ಬರೆಯಿರಿ.